ಉಳಿದ ಉಲ್ಲನ್ ಏನು ಮಾಡುತ್ತೀರಿ? ಹೆಣಿಗೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನವಳು. ಅಮ್ಮನ ಪಕ್ಕ ಕೂತು ಹೆಣಿಗೆ ಕಲಿತು ಮೂವತ್ತು ವರ್ಷಕ್ಕೂ ಮೇಲಾಯಿತು. ಮನೆಯವರಿಗೆ, ನೆಂಟರಿಗೆ, ಅಕ್ಕಪಕ್ಕದವರಿಗೆ ಹೆಣೆಯುತ್ತೇನೆ. ಬಸ್ಸಿನಲ್ಲಿ ಕಡ್ಡಿ ಹೊರಗೆ ತೆಗೆದರೆ ಸಾಕು, ಪಕ್ಕದಲ್ಲಿ ಕೂತವರು ಏನಾದರೂ ಕೇಳಿಯೇ ಕೇಳುತ್ತಾರೆ. ಮದುವೆ ಮನೆಯಲ್ಲೂ ಅಷ್ಟೇ. ಈ ವರ್ಷ ಜನವರಿಯಿಂದ ಹೊಸ ಉಲ್ಲನ್ ತರುವುದನ್ನು ಆದಷ್ಟು ನಿಲ್ಲಿಸಿ, ಮನೆಯಲ್ಲಿ ಉಳಿದದ್ದರಲ್ಲೇ ಹೆಣೆಯುತ್ತಿದ್ದೇನೆ. ಆಮೇಲಿಂದ ಪ್ರಶ್ನೆಗಳು ಇನ್ನೂ ಜಾಸ್ತಿಯಾಗಿವೆ. ಹೆಚ್ಚು ಸಲ ಕೇಳಿಸಿಕೊಂಡವನ್ನು ಇಲ್ಲಿ ಬರೆದಿದ್ದೇನೆ.

ಈಚೆಗೆ ಏನೇನು ಹೆಣೆದಿರಿ?

ದೊಡ್ಡದು ಅಂದರೆ ಒಂದು ಉಲ್ಲನ್ ಕೌದಿ. 63 ಚೌಕ ಹೆಣೆದು, ಅಂಚು ಕಟ್ಟಿ ಮುಗಿಸಲು ಏಳು ತಿಂಗಳು ಹಿಡಿಯಿತು. ಅದರ ಬಗ್ಗೆ ಕೆಳಗೆ ವಿವರವಾಗಿ ಹೇಳುತ್ತೇನೆ.

ಉಳಿದವು ಸಣ್ಣ ಸಣ್ಣ ಕೆಲಸ. ತಂಗಿ ಮಗಳಿಗೆ ಹೆರಿಗೆಯಾಯಿತು, ಮಗುವಿಗೆ ನಾಲ್ಕು ಕುಲಾವಿ, ಎರಡು ಜೊತೆ ಕಾಲ್ಚೀಲ. ಬೆಳಗಿನ ಜಾವಕ್ಕೇ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಿ ತರಕಾರಿ ತಂದು ನಮ್ಮ ಬೀದಿಯಲ್ಲಿ ಮಾರುವ ಅಕ್ಕನಿಗೆ, ಅವರ ಯಜಮಾನರಿಗೆ, ಮಗನಿಗೆ ಮೂರು ಮಫ್ಲರ್. ಅತ್ತೆಗೆ ದೇವರ ಮುಂದೆ ಕೂರಲು ಒಂದು ಹಾಸು. ಬಾಗಿಲಿಗೆ ತೋರಣ. ಮಾವನಿಗೆ ಮಾತ್ರ ಹೊಸ ಉಲ್ಲನ್ ತಂದು ತೋಳಿಲ್ಲದ ಸ್ವೆಟರ್ ಹೆಣೆದೆ. 300 ಗ್ರಾಂ ತಂದಿದ್ದೆ, 40 ಗ್ರಾಂ ಉಳಿಯಿತು. ಅದೂ ಡಬ್ಬಿ ಸೇರಿತು.

ತುಮಕೂರಿನಲ್ಲಿ ಸ್ವೆಟರ್ ಹಾಕುವಷ್ಟು ಚಳಿ ಎಲ್ಲಿದೆ?

ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಆರಕ್ಕೆ ಹಾಲು ತರಲು ಹೊರಗೆ ಹೋಗಿ ನೋಡಿ. ದೇವರಾಯನದುರ್ಗದ ಕಡೆ ಹೋದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತೇವಲ್ಲ, ಅಲ್ಲಿಯವರೆಗೂ ನಮಗೆ ಕೆಲಸವಿದೆ. ಆದರೆ ನಮ್ಮ ಚಳಿಗೆ ದಪ್ಪ ಸ್ವೆಟರ್ ಬೇಡ. ಬಿಸಿಲೇರಿದ ಮೇಲೆ ಅದನ್ನು ಕೈಯಲ್ಲಿ ಹಿಡಿದು ತಿರುಗಬೇಕಾಗುತ್ತದೆ. ತೋಳಿಲ್ಲದ್ದು, ಮಫ್ಲರ್, ಕುಲಾವಿ, ತೆಳ್ಳನೆ ಶಾಲು, ಇವೇ ನಮಗೆ ಸರಿ. ಉಳಿಕೆ ದಾರಕ್ಕೂ ಇವೇ ಹೇಳಿ ಮಾಡಿಸಿದಂಥವು.

ಅಷ್ಟೊಂದು ದಾರ ಉಳಿಯುವುದಾದರೂ ಯಾಕೆ? ಅಳತೆ ಮಾಡಿ ತರಬಾರದಾ?

ಅಳತೆ ಮಾಡಿಯೇ ತರುತ್ತೇವೆ. ಆದರೂ ಒಂದು ಉಂಡೆ ಜಾಸ್ತಿ ತರಲೇಬೇಕು. ಕಾರಣ ಲಾಟ್ ನಂಬರ್. ದಾರಕ್ಕೆ ಬಣ್ಣ ಹಾಕುವಾಗ ಒಂದೊಂದು ಹಂಡೆಯ ಬಣ್ಣ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಅದಕ್ಕೇ ಚೀಟಿಯ ಮೇಲೆ ಬಣ್ಣದ ನಂಬರ್ ಒಂದು, ಲಾಟ್ ನಂಬರ್ ಇನ್ನೊಂದು ಇರುತ್ತದೆ. ಬಣ್ಣದ ನಂಬರ್ ಒಂದೇ ಇದ್ದರೂ ಲಾಟ್ ಬೇರೆಯಾದರೆ ಹೆಣೆದ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ.

ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರಿಗೆ ಕೆಂಪು ಸ್ವೆಟರ್ ಹೆಣೆಯುತ್ತಿದ್ದೆ. ಒಂದು ತೋಳಿಗೆ ದಾರ ಸಾಲಲಿಲ್ಲ. ಅಂಗಡಿಯಲ್ಲಿ ಅದೇ ಬಣ್ಣ ಅಂತಲೇ ಕೊಟ್ಟರು, ಟ್ಯೂಬ್‌ಲೈಟ್ ಬೆಳಕಲ್ಲಿ ನನಗೂ ಹಾಗೇ ಕಂಡಿತು. ಮುಗಿಸಿ ಬಿಸಿಲಿಗೆ ತಂದು ನೋಡಿದರೆ ಒಂದು ತೋಳು ಇಟ್ಟಿಗೆ ಕೆಂಪು. ಆ ತೋಳು ಬಿಚ್ಚಿದ ದಿನ ನಿಜಕ್ಕೂ ಅತ್ತುಬಿಟ್ಟೆ. ಅವತ್ತಿನಿಂದ ಎರಡು ಅಭ್ಯಾಸ: ಬಣ್ಣವನ್ನು ಅಂಗಡಿಯ ಹೊರಗೆ ಬಂದು ಹಗಲು ಬೆಳಕಲ್ಲೇ ನೋಡುತ್ತೇನೆ, ಒಂದು ಉಂಡೆ ಜಾಸ್ತಿಯೇ ಕೊಳ್ಳುತ್ತೇನೆ. ಹಾಗೆ ಕೊಂಡದ್ದರಲ್ಲಿ ಉಳಿಯುತ್ತಾ ಉಳಿಯುತ್ತಾ ಜನವರಿಯಲ್ಲಿ ಎಲ್ಲ ತೂಗಿದಾಗ 2 ಕೆ.ಜಿ. 400 ಗ್ರಾಂ ಇತ್ತು. ಈಗ ಮುಕ್ಕಾಲು ಕೆ.ಜಿ.ಗೆ ಸ್ವಲ್ಪ ಮೇಲೆ ಇದೆ.

ಉಳಿದದ್ದನ್ನು ಹೇಗೆ ವಿಂಗಡಿಸುತ್ತೀರಿ?

ಹೂವಿನವರ ಅಳತೆಯಲ್ಲಿ. ಒಂದು ಗೇಣಿಗಿಂತ ಕಡಿಮೆ ಇರುವ ಚೂರುಗಳು ಒಂದು ಚೀಲಕ್ಕೆ. ಗೇಣಿನಿಂದ ಮಾರಿನವರೆಗೆ ಇರುವವು ಇನ್ನೊಂದಕ್ಕೆ, ಇವು ಹೊಲಿಯಲು, ಕಣ್ಣು ಮೂಗು ಬಿಡಿಸಲು, ಕುಚ್ಚು ಕಟ್ಟಲು. ಒಂದು ಮಾರಿನಿಂದ ಹತ್ತು ಹದಿನೈದು ಮಾರಿನವರೆಗೆ ಇರುವವು ಪಟ್ಟೆಗಳಿಗೆ. ಅದಕ್ಕೂ ಮೇಲಿನದು ಉಂಡೆ. ಉಂಡೆಯನ್ನು ತೂಗಿ, ಚೀಟಿ ಬರೆದು ಒಳಗೆ ಸಿಕ್ಕಿಸುತ್ತೇನೆ: ಎಷ್ಟು ಗ್ರಾಂ, ಎಷ್ಟು ಪ್ಲೈ (ದಾರದ ದಪ್ಪದ ಲೆಕ್ಕ), ಉಣ್ಣೆಯೋ ಅಕ್ರಿಲಿಕ್ಕೋ, ಯಾರಿಗೆ ಹೆಣೆದದ್ದು.

ಬಣ್ಣದ ಪ್ರಕಾರ ವಿಂಗಡಿಸಿಡುವುದು ನೋಡಲು ಚೆಂದ. ಆದರೆ ಕೆಲಸಕ್ಕೆ ಬರುವುದಿಲ್ಲ. ಮೊದಲು ದಾರ ಯಾವುದರದ್ದು, ಆಮೇಲೆ ದಪ್ಪ ಎಷ್ಟು, ಆಮೇಲೆ ತೂಕ. ಬಣ್ಣ ಕೊನೆಗೆ.

ಚೀಟಿ ಹರಿದು ಹೋಗಿದೆ. ಉಣ್ಣೆಯೋ ಅಕ್ರಿಲಿಕ್ಕೋ ಗೊತ್ತಾಗುವುದು ಹೇಗೆ?

ಉಲ್ಲನ್ ಅಂತ ಕರೆದರೂ ನಮ್ಮ ಅಂಗಡಿಗಳಲ್ಲಿ ಸಿಗುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಕುರಿಯಿಂದ ಬಂದದ್ದಲ್ಲ, ಒಂದು ಥರದ ಪ್ಲಾಸ್ಟಿಕ್ ಎಳೆ. ಅದರಲ್ಲಿ ತಪ್ಪೇನಿಲ್ಲ. ಹಗುರ, ಬೆಲೆ ಕಡಿಮೆ, ಒಗೆಯಲು ಸುಲಭ, ಬಿಸಿಲಿಗೆ ಬೇಗ ಬಣ್ಣ ಬಿಡುವುದಿಲ್ಲ. ಆದರೆ ಯಾವುದು ಯಾವುದು ಅಂತ ಗೊತ್ತಿರಲೇಬೇಕು.

ಸುಟ್ಟು ನೋಡುವುದೇ ನಂಬಿಕೆಯ ದಾರಿ. ಮನೆಯೊಳಗೆ ಬೇಡ, ಹೊರಗೆ ಅಂಗಳದಲ್ಲಿ ಮಾಡಿ. ಎರಡು ಬೆರಳಷ್ಟು ಉದ್ದದ ಚೂರನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟುಕೊಂಡು ಕಡ್ಡಿ ಗೀರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಅಕ್ರಿಲಿಕ್ ಆದರೆ ಕರಗಿ ತೊಟ್ಟಿಕ್ಕುತ್ತದೆ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಆ ಹೊಗೆ ಒಳ್ಳೆಯದಲ್ಲ, ಮುಖ ದೂರ ಇಟ್ಟುಕೊಳ್ಳಿ. ಮಿಶ್ರ ದಾರವಾದರೆ ಎರಡೂ ಥರ ಕಾಣುತ್ತದೆ. ಅದನ್ನು ಮಿಶ್ರ ಅಂತಲೇ ಬರೆದಿಡಿ.

ಎರಡನ್ನೂ ಸೇರಿಸಿ ಹೆಣೆದರೆ ಏನಾಗುತ್ತದೆ?

ಒಗೆಯುವವರೆಗೆ ಏನೂ ಆಗುವುದಿಲ್ಲ. ನಮ್ಮ ಅಕ್ಕನ ಮಗನಿಗೆ ಒಂದು ಪಟ್ಟೆ ಉಣ್ಣೆ, ಒಂದು ಪಟ್ಟೆ ಅಕ್ರಿಲಿಕ್ ಹಾಕಿ ತೋಳಿಲ್ಲದ ಸ್ವೆಟರ್ ಹೆಣೆದಿದ್ದೆ. ತುಂಬ ಮುದ್ದಾಗಿ ಬಂದಿತ್ತು. ಅವರ ಮನೆಯಲ್ಲಿ ಬಿಸಿನೀರಿನಲ್ಲಿ ಮಷಿನ್‌ಗೆ ಹಾಕಿದರು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ, ಮತ್ತೆ ಬಿಡುವುದಿಲ್ಲ. ಅಕ್ರಿಲಿಕ್ ಎಳೆಗೆ ಈ ಹುರುಪೆ ಇಲ್ಲ. ಹಾಗಾಗಿ ಉಣ್ಣೆ ಪಟ್ಟೆಗಳು ಕುಗ್ಗಿ, ಅಕ್ರಿಲಿಕ್ ಪಟ್ಟೆಗಳು ಹಾಗೇ ಉಳಿದು, ಇಡೀ ಸ್ವೆಟರ್ ನೆರಿಗೆ ಹಿಡಿದಂತೆ ಆಯಿತು. ಅವರಿಗೆ ಮೊದಲೇ ಹೇಳಿ ಕೊಡಬೇಕಿತ್ತು, ನಾನು ಹೇಳಿರಲಿಲ್ಲ.

ಈಗ ನನ್ನ ನಿಯಮ ಸರಳ. ಮಷಿನ್‌ಗೆ ಹೋಗುವ ಯಾವುದಕ್ಕೂ ಉಣ್ಣೆ ಸೇರಿಸುವುದಿಲ್ಲ. ಉಣ್ಣೆ ಬೇರೆ ಡಬ್ಬಿ, ಬೇರೆ ಕೆಲಸ.

ಉಳಿದಿರುವುದು ಸಾಲುತ್ತದೋ ಇಲ್ಲವೋ ಮೊದಲೇ ತಿಳಿಯುವುದು ಹೇಗೆ?

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಗ್ರಾಂ ವ್ಯತ್ಯಾಸ ತೋರಿಸಿದರೆ ಆಯಿತು.

ಹೊಸ ಉಂಡೆಯ ಚೀಟಿಯ ಮೇಲೆ ತೂಕವೂ ಉದ್ದವೂ ಇರುತ್ತದೆ. 50 ಗ್ರಾಂಗೆ 110 ಮೀಟರ್ ಅಂತ ಇದೆ ಅಂದುಕೊಳ್ಳಿ. ನಿಮ್ಮ ಹತ್ತಿರ 18 ಗ್ರಾಂ ಉಳಿದಿದೆ. 110ನ್ನು 18ರಿಂದ ಗುಣಿಸಿ 50ರಿಂದ ಭಾಗಿಸಿದರೆ ಸುಮಾರು 40 ಮೀಟರ್. ಚೀಟಿ ಇಲ್ಲದಿದ್ದರೆ ಹತ್ತು ಮಾರು ಅಳೆದು ಅದನ್ನು ತೂಗಿ ಲೆಕ್ಕ ಹಾಕಬಹುದು.

ಸಾಲಿನ ಲೆಕ್ಕ ಇನ್ನೂ ಸುಲಭ. ಹೆಣಿಗೆಯ ಅಗಲ ಎಷ್ಟಿದೆಯೋ ಅದರ ಮೂರರಷ್ಟು ದಾರ ಒಂದು ಸಾಲಿಗೆ ಹೆಚ್ಚು ಕಡಿಮೆ ಸಾಕು. ಕೊನೆಗೆ ಮುಚ್ಚುವ ಸಾಲಿಗೆ ನಾಲ್ಕರಷ್ಟು ಇಟ್ಟುಕೊಳ್ಳಿ. ದಾರವನ್ನು ಹೆಣಿಗೆಯ ಮೇಲೆ ಆ ತುದಿಯಿಂದ ಈ ತುದಿಗೆ ಮಡಚಿ ಹಾಸಿ ನೋಡಿದರೆ ಗೊತ್ತಾಗಿಬಿಡುತ್ತದೆ. ಸಾಲಿನ ನಡುವೆ ದಾರ ಮುಗಿಯುವ ಕಾಟ ಇದರಿಂದ ತಪ್ಪುತ್ತದೆ.

ಆ ಕೌದಿ ಹೇಗೆ ಮಾಡಿದಿರಿ?

ಇದನ್ನೇ ಎಲ್ಲರೂ ಜಾಸ್ತಿ ಕೇಳುವುದು. ಹಳೇ ಸೀರೆ ಪಂಚೆಗಳನ್ನು ಪದರ ಹಾಕಿ ಕೌದಿ ಹೊಲಿಯುತ್ತಿದ್ದರಲ್ಲ, ಅದೇ ಬುದ್ಧಿ ಇದು. ಬಟ್ಟೆಯ ಬದಲು ದಾರ.

ಚೌಕ 15 ಸೆಂ.ಮೀ. ಅಡ್ಡಕ್ಕೆ ಏಳು, ಉದ್ದಕ್ಕೆ ಒಂಬತ್ತು. ಎಲ್ಲ ಚೌಕವನ್ನೂ ಮೂಲೆಯಿಂದ ಶುರು ಮಾಡಿ ಓರೆಯಾಗಿ ಹೆಣೆದೆ. ಉಳಿಕೆ ದಾರಕ್ಕೆ ಇಷ್ಟು ಒಳ್ಳೆಯ ವಿಧಾನ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಮೂರು ಕುಣಿಕೆ ಹಾಕಿಕೊಳ್ಳಿ. ಎಲ್ಲಾ ಸಾಲೂ ಸೀದಾ ಹೆಣಿಗೆ (ನಿಟ್), ಉಲ್ಟಾ (ಪರ್ಲ್) ಬೇಡವೇ ಬೇಡ. ಪ್ರತಿ ಸಾಲಿನ ಶುರುವಿನಲ್ಲಿ ಒಂದು ಕುಣಿಕೆ ಹೆಚ್ಚಿಸುತ್ತಾ ಹೋಗಿ. ತ್ರಿಕೋನ ಬೆಳೆಯುತ್ತದೆ. ಅದರ ಬದಿ 15 ಸೆಂ.ಮೀ. ಆದಾಗ ಕಡ್ಡಿಯ ಮೇಲಿನ ಅಗಲ ಸುಮಾರು 21 ಸೆಂ.ಮೀ. ಇರುತ್ತದೆ. ಅಲ್ಲಿಂದ ಪ್ರತಿ ಸಾಲಿನ ಶುರುವಿನಲ್ಲಿ ಎರಡು ಕುಣಿಕೆ ಸೇರಿಸಿ ಒಂದು ಮಾಡುತ್ತಾ ಬನ್ನಿ. ಮತ್ತೆ ಮೂರು ಉಳಿದಾಗ ಮುಚ್ಚಿ. ಚೌಕ ಆಯಿತು.

ಇದರ ಲಾಭ ಏನೆಂದರೆ ಚೌಕದ ನಡುವೆ ಸರಿಯಾಗಿ ಅರ್ಧ ದಾರ ಖರ್ಚಾಗಿರುತ್ತದೆ. ನನ್ನ ಕೈಗೆ, 8 ಪ್ಲೈ ದಾರದಲ್ಲಿ, ಒಂದು ಚೌಕಕ್ಕೆ ಸುಮಾರು 13 ಗ್ರಾಂ ಬೇಕಾಯಿತು. 7 ಗ್ರಾಂ ಮಾತ್ರ ಇದ್ದರೂ ಅರ್ಧ ಚೌಕ ಖಂಡಿತ ಆಗುತ್ತದೆ. ಇಳಿಯುವ ಅರ್ಧಕ್ಕೆ ಇನ್ನೊಂದು ಬಣ್ಣ ಹಾಕಿದರೆ ಎರಡು ತ್ರಿಕೋನ ಸೇರಿದ ಚೌಕ. ಮೊದಲು ಇವನ್ನು ಬೇರೆ ದಾರಿಯಿಲ್ಲದೆ ಮಾಡಿದೆ. ಈಗ ಇಡೀ ಕೌದಿಯಲ್ಲಿ ಕಣ್ಣು ನಿಲ್ಲುವುದು ಆ ಎರಡು ಬಣ್ಣದ ಚೌಕಗಳ ಮೇಲೆಯೇ. ಇನ್ನೊಮ್ಮೆ ಮಾಡಿದರೆ ಪೂರ್ತಿ ಹಾಗೇ ಮಾಡುತ್ತೇನೆ.

ಚೌಕದ ಅಳತೆ ಇಡಲು ಒಂದು ರಟ್ಟು ಕತ್ತರಿಸಿ ಇಟ್ಟುಕೊಳ್ಳಿ. ಪ್ರತಿ ಚೌಕವನ್ನೂ ಅದರ ಮೇಲಿಟ್ಟು ನೋಡಿ. ಅರ್ಧ ಸೆಂ.ಮೀ. ಹೆಚ್ಚು ಕಡಿಮೆ ಇದ್ದರೆ ಹೊಲಿಗೆಯಲ್ಲಿ ಹೊಂದುತ್ತದೆ. ಒಂದು ಸೆಂ.ಮೀ. ಆದರೆ ಬಿಚ್ಚಿ ಮತ್ತೆ ಹೆಣೆಯುವುದೇ ಒಳ್ಳೆಯದು. ಸೇರಿಸಿದ ಮೇಲೆ ಕೌದಿ ಉಬ್ಬುತ್ತದೆ, ಆಗ ಏನೂ ಮಾಡಲು ಬರುವುದಿಲ್ಲ.

ಚೌಕ ಸೇರಿಸಲು, ಸುತ್ತ ಅಂಚು ಹಾಕಲು ಕಪ್ಪು ದಾರ ಬಳಸಿದೆ. 110 ಗ್ರಾಂ ಹೋಯಿತು. ಎಲ್ಲ ಸೇರಿ ಕೌದಿಯ ತೂಕ 930 ಗ್ರಾಂ.

ಅಷ್ಟು ಬಣ್ಣ ಸೇರಿದರೆ ಗಿಜಿಗಿಜಿ ಅನ್ನಿಸುವುದಿಲ್ಲವಾ?

ಅನ್ನಿಸಬಹುದು. ಅದಕ್ಕೆ ಇಡೀ ಕೌದಿಯಲ್ಲಿ ಒಂದು ಬಣ್ಣ ಬಿಡದೆ ಬರುತ್ತಿರಬೇಕು. ನನಗೆ ಕಪ್ಪು ಅಂಚಿನ ಯೋಚನೆ ಬಂದದ್ದು ಅಜ್ಜನ ಕರಿ ಕಂಬಳಿ ನೆನಪಾಗಿ. ಕಪ್ಪಿನ ಪಕ್ಕ ನಿಂತರೆ ಅರಿಶಿನ, ಗಿಳಿ ಹಸಿರು, ಕನಕಾಂಬರದ ಬಣ್ಣ, ಎಲ್ಲವೂ ಜೊತೆಗೆ ಬಾಳುತ್ತವೆ.

ಇನ್ನೊಂದು ಉಪಾಯ: ಚೌಕಗಳನ್ನು ನೆಲದ ಮೇಲೆ ಹರಡಿ, ಫೋನಿನಲ್ಲಿ ಫೋಟೋ ತೆಗೆದು ಅದನ್ನು ಕಪ್ಪು ಬಿಳುಪು ಮಾಡಿ ನೋಡಿ. ಗಾಢವಾದವೆಲ್ಲ ಒಂದೇ ಕಡೆ ಗುಂಪಾಗಿದ್ದರೆ ತಕ್ಷಣ ಕಾಣುತ್ತದೆ. ಬಣ್ಣದಲ್ಲಿ ನೋಡುವಾಗ ಅದು ಗೊತ್ತೇ ಆಗುವುದಿಲ್ಲ.

ದಪ್ಪ ಬೇರೆ ಬೇರೆ ಇದೆ. ಯಾವ ನಂಬರ್ ಕಡ್ಡಿ ಹಿಡಿಯಲಿ?

ತೆಳು ದಾರವನ್ನು ಜೋಡಿ ಮಾಡಿ. 4 ಪ್ಲೈ ಎರಡು ಎಳೆ ಸೇರಿಸಿ ಹಿಡಿದರೆ 8 ಪ್ಲೈಗೆ ಸರಿಸುಮಾರು ಸಮ. ಎರಡು ಬೇರೆ ಬಣ್ಣದ ಎಳೆ ಸೇರಿಸಿದರೆ ರಾಗಿ ಹಿಟ್ಟಿಗೆ ಅಕ್ಕಿ ಹಿಟ್ಟು ಬೆರೆಸಿದಂತೆ ಚುಕ್ಕೆ ಚುಕ್ಕೆಯಾಗಿ ಬರುತ್ತದೆ, ಅದೂ ಚೆಂದ.

ಕಡ್ಡಿಯ ನಂಬರ್ ವಿಚಾರ ಹೊಸಬರಿಗೆ ಗೊಂದಲ. ನಮ್ಮಲ್ಲಿ ಹಳೇ ಬ್ರಿಟಿಷ್ ನಂಬರ್ ಇನ್ನೂ ನಡೆಯುತ್ತದೆ. ಇದರಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 12 ನಂಬರ್ ಅಂದರೆ 2.75 ಮಿ.ಮೀ., 10 ಅಂದರೆ 3.25, 8 ಅಂದರೆ 4, 6 ಅಂದರೆ 5 ಮಿ.ಮೀ. ಆನ್‌ಲೈನ್‌ನಲ್ಲಿ ತರಿಸುವಾಗ ಮಿಲಿಮೀಟರ್ ನೋಡಿಯೇ ತರಿಸಿ, ಏಕೆಂದರೆ ಅಮೆರಿಕದ ನಂಬರ್ ಇದಕ್ಕೆ ತಿರುಗು ಮುರುಗು. 8 ಪ್ಲೈಗೆ ನಾನು 8 ನಂಬರ್ ಕಡ್ಡಿ ಹಿಡಿಯುತ್ತೇನೆ.

ಇಷ್ಟು ದಾರ ಸೇರಿಸುವಾಗ ಗಂಟು ಹಾಕುತ್ತೀರಾ?

ಇಲ್ಲ. ಗಂಟು ಮೈಗೆ ಚುಚ್ಚುತ್ತದೆ, ಒಂದಲ್ಲ ಒಂದು ದಿನ ಮುಂದೆ ತೂರಿ ಬರುತ್ತದೆ. ಹೊಸ ದಾರವನ್ನು ಸಾಲಿನ ಶುರುವಿನಲ್ಲಿ ಸೇರಿಸಿ, ಎರಡೂ ಕಡೆ ಒಂದು ಗೇಣು ತುದಿ ಬಿಡಿ. ಆಮೇಲೆ ದೊಡ್ಡ ಕಣ್ಣಿನ ಸೂಜಿಯಲ್ಲಿ ಹಿಂಬದಿಯ ಕುಣಿಕೆಗಳೊಳಗೆ ಒಂದು ಕಡೆಗೆ ಪೋಣಿಸಿ, ತಿರುಗಿಸಿ ಇನ್ನೊಂದು ಕಡೆಗೆ ಪೋಣಿಸಿ. ಅಕ್ರಿಲಿಕ್ ಜಾರುವ ದಾರ, ಒಂದೇ ಕಡೆ ಪೋಣಿಸಿದರೆ ಬಿಟ್ಟುಕೊಳ್ಳುತ್ತದೆ.

ಉಣ್ಣೆಗೆ ಮಾತ್ರ ಒಂದು ಸೊಗಸಾದ ದಾರಿ ಇದೆ. ಎರಡು ತುದಿಯನ್ನೂ ಸ್ವಲ್ಪ ಬಿಡಿಸಿ, ಒಂದರ ಮೇಲೊಂದು ಇಟ್ಟು, ನೀರು ಮುಟ್ಟಿಸಿ, ಅಂಗೈಯಲ್ಲಿ ಬಿಸಿಯಾಗುವಂತೆ ಜೋರಾಗಿ ಉಜ್ಜಿದರೆ ಎರಡೂ ಒಂದೇ ದಾರವಾಗುತ್ತದೆ. ಮೇಲೆ ಹೇಳಿದ ಅದೇ ಹುರುಪೆಯ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಷಿನ್‌ನಲ್ಲಿ ಒಗೆಯಬಹುದು ಅಂತ ಬರೆದಿರುವ ಉಣ್ಣೆಗೆ ಇದು ಆಗುವುದಿಲ್ಲ.

ತುದಿ ಪೋಣಿಸುವುದನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ಒಂದು ಚೌಕ ಮುಗಿದರೆ ಅವತ್ತೇ ಅದರ ತುದಿ ಮುಗಿಸಿ. 63 ಚೌಕದ ತುದಿಗಳು ಒಟ್ಟಿಗೆ ಎದುರು ಬಂದರೆ ಕೈ ಸೋತುಹೋಗುತ್ತದೆ.

ಹುಟ್ಟಿದ ಮಗುವಿಗೆ ಉಳಿಕೆ ದಾರದಲ್ಲಿ ಹೆಣೆಯಬಹುದಾ?

ಖಂಡಿತ. ಒಂದು ಕುಲಾವಿಗೆ 20ರಿಂದ 25 ಗ್ರಾಂ ಸಾಕು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34, 35 ಸೆಂ.ಮೀ. ಇರುತ್ತದೆ. ಹೆಣಿಗೆ ಹಿಗ್ಗುವುದರಿಂದ ಕುಲಾವಿಯನ್ನು 30 ಸೆಂ.ಮೀ.ಗೆ ಹೆಣೆಯುತ್ತೇನೆ. 8 ಪ್ಲೈ, 8 ನಂಬರ್ ಕಡ್ಡಿಯಲ್ಲಿ ನನಗೆ 66 ಕುಣಿಕೆ ಬರುತ್ತದೆ. ನಿಮ್ಮ ಕೈ ಬಿಗಿ ಇದ್ದರೆ ಬೇರೆ ಲೆಕ್ಕ, ಮೊದಲು ಅಂಗೈಯಷ್ಟು ಹೆಣೆದು ಅಳೆದು ನೋಡಿ.

ಆದರೆ ಮಗುವಿನ ವಿಷಯದಲ್ಲಿ ಕೆಲವು ಮಾತು ಗಟ್ಟಿಯಾಗಿ ಹೇಳಲೇಬೇಕು. ಕಾಲ್ಚೀಲ, ಕೈಗವಸಿನ ಒಳಗೆ ಒಂದೇ ಒಂದು ಸಡಿಲ ಎಳೆಯೂ ಇರಬಾರದು. ಅದು ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಬಿಗಿಯಬಹುದು, ಮಗು ಅತ್ತರೂ ಕಾರಣ ಗೊತ್ತಾಗುವುದಿಲ್ಲ. ಹಾಗಾಗಿ ಕೊಡುವ ಮೊದಲು ಒಳಬದಿ ಹೊರಗೆ ಮಾಡಿ ಬೆರಳಿಟ್ಟು ನೋಡುತ್ತೇನೆ. ಗುಂಡಿ, ಮಣಿ, ಉದ್ದನೆ ದಾರ ಬೇಡ. ಬೆಚ್ಚಗಿನ ಮನೆಯೊಳಗೆ ಮಲಗಿರುವ ಮಗುವಿಗೆ ಉಲ್ಲನ್ ಕುಲಾವಿ ಹಾಕಿ ಬಿಡಬೇಡಿ. ಮಗು ತಲೆಯಿಂದಲೇ ಸೆಖೆ ಹೊರಹಾಕುವುದು ಜಾಸ್ತಿ. ಹೊರಗೆ ಕರೆದುಕೊಂಡು ಹೋಗುವಾಗ ಹಾಕಿ.

ನುಸಿ ಗುಳಿಗೆ ಹಾಕಿಟ್ಟಿದ್ದ ದಾರವನ್ನಾಗಲಿ, ಬಟ್ಟೆಯನ್ನಾಗಲಿ ಮಗುವಿಗೆ ಬಳಸಬೇಡಿ. ಕೆಲವು ಮಕ್ಕಳಿಗೆ ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥ ಮಕ್ಕಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಕಾಮಾಲೆ ಏರುತ್ತದೆ. ಯಾವ ಮಗುವಿಗೆ ಇದೆ, ಯಾವುದಕ್ಕಿಲ್ಲ ಅಂತ ನೋಡಿದರೆ ತಿಳಿಯುವುದಿಲ್ಲವಲ್ಲ.

ಆಸ್ಪತ್ರೆಗೆ ಕೊಡಬಹುದಾ?

ಕೊಡಬಹುದು, ಆದರೆ ಮೊದಲು ಹೋಗಿ ಕೇಳಿ. ತೂಕ ಕಡಿಮೆ ಇರುವ ಮಕ್ಕಳನ್ನು ತಾಯಿಯ ಎದೆಗೆ ಅವಚಿಟ್ಟು ಬೆಚ್ಚಗಿಡುವ ಕಾಂಗರೂ ಆರೈಕೆಯಲ್ಲಿ ಟೋಪಿ, ಕಾಲ್ಚೀಲ ಬೇಕಾಗುತ್ತದೆ. ಅವರಿಗೆ ಯಾವ ಅಳತೆ ಬೇಕು, ಹೇಗೆ ಒಗೆಯುತ್ತಾರೆ ಅಂತ ವಾರ್ಡಿನ ಸಿಸ್ಟರ್ ಹೇಳುತ್ತಾರೆ. ನಮಗೆ ಇಷ್ಟ ಬಂದದ್ದನ್ನು ಒಯ್ದು ಸುರಿದರೆ ಅವರಿಗೆ ಹೊರೆ.

ಅಡುಗೆಮನೆಗೆ ಏನಾದರೂ ಹೆಣೆಯಬಹುದಾ?

ಹತ್ತಿ ದಾರದಲ್ಲಿ ಮಾತ್ರ. ಮಸಿಬಟ್ಟೆಯಾಗಿ ಅಕ್ರಿಲಿಕ್ ಬೇಡವೇ ಬೇಡ. ಒಲೆಯ ಬಿಸಿಗೆ ಕರಗಿ ಕೈಗೆ ಅಂಟಿದರೆ ಚರ್ಮ ಸಮೇತ ಬರುತ್ತದೆ. ಬಿಸಿ ಪಾತ್ರೆ ಇಡುವ ಸಿಂಬೆಗೂ ಹತ್ತಿಯೇ. ಅಕ್ರಿಲಿಕ್ ಬೇಕಿದ್ದರೆ ನೀರಿನ ಬಾಟಲಿಗೆ, ಡಬ್ಬಿಗೆ ಕವಚ ಮಾಡಿ.

ಹಬ್ಬಕ್ಕೆ, ದನಕರುಗಳಿಗೆ ಉಲ್ಲನ್ ಗೊಂಡೆ ಮಾಡುವುದು ಸುಲಭವಾ?

ತುಂಬ ಸುಲಭ, ಒಂದೊಂದು ಮಾರಿನ ತುಂಡುಗಳು ಬೇಗ ಮುಗಿಯುವುದೂ ಇದರಲ್ಲೇ. ನಾಲ್ಕು ಬೆರಳಿಗೆ ಎಂಬತ್ತು ನೂರು ಸುತ್ತು ಸುತ್ತಿ, ನಡುವೆ ಹತ್ತಿ ದಾರದಿಂದ ಬಿಗಿಯಾಗಿ ಕಟ್ಟಿ, ಎರಡೂ ತುದಿ ಕತ್ತರಿಸಿ, ದುಂಡಗೆ ಸವರಿದರೆ ಗೊಂಡೆ. ಕಟ್ಟುವ ದಾರ ಅಕ್ರಿಲಿಕ್ ಆದರೆ ಹಿಗ್ಗಿ ಸಡಿಲವಾಗುತ್ತದೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದರೆ ಎತ್ತುಗಳ ಕೊಂಬಿಗೆ, ಕೊರಳಿಗೆ ಎಂಥೆಂಥ ಗೊಂಡೆ ಕಟ್ಟಿರುತ್ತಾರೆ ನೋಡಿ. ನಾನು ಬಣ್ಣ ಜೋಡಿಸುವುದನ್ನು ಅಲ್ಲಿ ನೋಡಿ ಕಲಿತದ್ದು ತುಂಬ ಇದೆ.

ಸಂಕ್ರಾಂತಿಗೆ ಮಾತ್ರ ಒಂದು ಎಚ್ಚರಿಕೆ. ಸಂಜೆ ಕಿಚ್ಚು ಹಾಯಿಸುವ ಮೊದಲು ಗೊಂಡೆಗಳನ್ನೆಲ್ಲ ಬಿಚ್ಚಿಬಿಡಿ. ಅಕ್ರಿಲಿಕ್ ಗೊಂಡೆಗೆ ಒಂದು ಕಿಡಿ ಸಾಕು, ಕರಗಿ ಚರ್ಮಕ್ಕೆ ಹಿಡಿದರೆ ಬಾಯಿಲ್ಲದ ಪ್ರಾಣಿ ಏನು ಮಾಡಬೇಕು? ಊರಿನಲ್ಲಿ ಚಿಕ್ಕಪ್ಪನ ಮನೆಗೆ ಗೊಂಡೆ ಕೊಡುವಾಗ ಪ್ರತಿ ವರ್ಷವೂ ಈ ಮಾತು ಹೇಳಿಯೇ ಕೊಡುತ್ತೇನೆ.

ತೋರಣದ ಎಲೆಗೆ ಎರಡು ಗ್ರಾಂ ಹಸಿರು ಸಾಕು. ಮೂರು ಕುಣಿಕೆಯಿಂದ ಶುರು ಮಾಡಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಎರಡೂ ತುದಿಗೆ ಒಂದೊಂದು ಹೆಚ್ಚಿಸಿ 11 ಮಾಡಿ. 24 ಸಾಲು ಹಾಗೇ ಹೆಣೆಯಿರಿ. ಮತ್ತೆ ಅದೇ ಥರ ಕಡಿಮೆ ಮಾಡುತ್ತಾ ಬಂದು ಕೊನೆಯ ಮೂರನ್ನೂ ಒಟ್ಟಿಗೆ ಮುಚ್ಚಿ. ನಡುವೆ ತಿಳಿ ಹಸಿರಿನಲ್ಲಿ ಒಂದು ಗೆರೆ ಹೊಲಿದರೆ ಥೇಟ್ ಮಾವಿನೆಲೆ. ನಮ್ಮ ಬಾಗಿಲಿಗೆ 21 ಎಲೆ ಹಿಡಿಯಿತು. ಹಸಿ ತೋರಣ ಹಬ್ಬಕ್ಕೆ ಬೇಕೇ ಬೇಕು. ಇದು ಉಳಿದ ದಿನಗಳಿಗೆ.

ಹಳೇ ಸ್ವೆಟರ್ ಬಿಚ್ಚಿ ದಾರ ತೆಗೆಯಬಹುದಾ?

ಕೈಯಲ್ಲಿ ಹೆಣೆದದ್ದಾದರೆ ಖಂಡಿತ. ಅಂಗಡಿಯಲ್ಲಿ ಕೊಂಡದ್ದಾದರೆ ಮೊದಲು ಒಳಬದಿಯ ಹೊಲಿಗೆ ನೋಡಿ. ಅಂಚು ಕತ್ತರಿಸಿ ಓವರ್‌ಲಾಕ್ ಹಾಕಿದ್ದರೆ ಬಿಚ್ಚಿದಾಗ ಪ್ರತಿ ಸಾಲೂ ತುಂಡು ತುಂಡಾಗಿ ಬರುತ್ತದೆ. ಅಂಥದ್ದನ್ನು ಬಿಚ್ಚುವ ಶ್ರಮ ಬೇಡ.

ಬಿಚ್ಚುವುದು ಮುಚ್ಚಿದ ತುದಿಯಿಂದ, ಅಂದರೆ ಸಾಮಾನ್ಯವಾಗಿ ಕತ್ತಿನ ಕಡೆಯಿಂದ. ದಾರ ಗುಂಗುರು ಗುಂಗುರಾಗಿ ಬರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ತೂಗು ಹಾಕಿ. ಉಣ್ಣೆ ಪೂರ್ತಿ ನೆಟ್ಟಗಾಗುತ್ತದೆ. ಅಕ್ರಿಲಿಕ್ ಅಷ್ಟು ನೆಟ್ಟಗಾಗುವುದಿಲ್ಲ, ಆದರೂ ಹೆಣೆಯಲು ಅಡ್ಡಿಯಿಲ್ಲ.

ಚಿಕ್ಕವಳಿದ್ದಾಗ ಅಮ್ಮ ಲಡಿಯನ್ನು ನನ್ನ ಎರಡು ಕೈಗೆ ಹಾಕಿ, ತಾನು ಎದುರಿಗೆ ಕೂತು ಉಂಡೆ ಸುತ್ತುತ್ತಿದ್ದರು. ಕೈ ನೋಯುತ್ತಿತ್ತು, ಆದರೆ ಅಷ್ಟು ಹೊತ್ತು ಅಮ್ಮ ಬೇರೆ ಕೆಲಸಕ್ಕೆ ಏಳುವಂತಿರಲಿಲ್ಲ, ಕತೆ ಹೇಳುತ್ತಿದ್ದರು. ಉಂಡೆಯನ್ನು ಬಿಗಿಯಾಗಿ ಸುತ್ತಬಾರದು ಅಂತ ಕಲಿತದ್ದು ಆಗಲೇ. ಬೆರಳನ್ನು ಒಳಗೆ ಸೇರಿಸಿ ಸುತ್ತಬೇಕು, ಬಿಗಿ ಸುತ್ತಿದರೆ ದಾರ ಎಳೆದುಕೊಂಡೇ ಇದ್ದು ಅದರ ಜೀವ ಹೋಗುತ್ತದೆ.

ನಮ್ಮ ಕಡೆಯ ಕುರಿ ಉಣ್ಣೆಯಲ್ಲಿ ಸ್ವೆಟರ್ ಹೆಣೆಯಬಹುದಾ?

ಶಿರಾ ಕಡೆ ಕುರಿ ಇದೆ, ಕಂಬಳಿ ನೇಯುವವರೂ ಇದ್ದಾರೆ. ಆದರೆ ನಮ್ಮ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದೇ ಬೇಕು. ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟು ಗಟ್ಟಿ ಮಾಡಿದ ಕಂಬಳಿ ಹನಿ ಮಳೆಯನ್ನೂ ತಡೆಯುತ್ತದೆ. ಕೈಯಲ್ಲಿ ನೂತ ಸ್ವಲ್ಪ ದಾರ ಒಬ್ಬರು ಕೊಟ್ಟಿದ್ದರು. ಮೈಗೆ ಹಾಕುವುದಕ್ಕೆ ಚುಚ್ಚುತ್ತದೆ, ಹಾಗಾಗಿ ಅತ್ತೆಯ ಹಾಸು ಹೆಣೆಯಲು ಅದನ್ನು ಬಳಸಿದೆ. ದಪ್ಪ ಕಡ್ಡಿಯಲ್ಲಿ, ಎಲ್ಲಾ ಸಾಲೂ ಸೀದಾ. ಕೂತರೆ ನೆಲದ ತಂಡಿ ಗೊತ್ತಾಗುವುದಿಲ್ಲ ಅನ್ನುತ್ತಾರೆ.

ನುಸಿ ಹಿಡಿಯದಂತೆ ಇಡುವುದು ಹೇಗೆ?

ನುಸಿಗೆ ಬೇಕಾದದ್ದು ಉಣ್ಣೆ, ರೇಷ್ಮೆ. ಅಕ್ರಿಲಿಕ್ ಅದಕ್ಕೆ ಆಹಾರವಲ್ಲ. ಹಾರುವ ಚಿಟ್ಟೆ ತಿನ್ನುವುದಿಲ್ಲ, ಅದರ ಮರಿಹುಳು ತಿನ್ನುತ್ತದೆ. ಬೆವರು, ಊಟದ ಕಲೆ ಇದ್ದ ಕಡೆ ಬೇಗ ಬರುತ್ತದೆ. ಹಾಗಾಗಿ ಒಗೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡುವುದೇ ಮುಖ್ಯ. ಒಣಗಿದ ಬೇವಿನ ಸೊಪ್ಪನ್ನು ನಾನೂ ಹಾಕುತ್ತೇನೆ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಹುಳು ಬಿದ್ದ ಅನುಮಾನ ಬಂದರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ.

ಒಗೆಯುವುದು?

ಅಕ್ರಿಲಿಕ್ಕನ್ನು ತಣ್ಣೀರಿನಲ್ಲಿ ಒಗೆಯಿರಿ, ಇಸ್ತ್ರಿ ಮಾತ್ರ ಮುಟ್ಟಿಸಬೇಡಿ. ಒಮ್ಮೆ ಬಿಸಿ ತಾಗಿ ಜೋತುಬಿದ್ದರೆ ಮತ್ತೆ ಸರಿಹೋಗುವುದಿಲ್ಲ. ಉಣ್ಣೆಗೆ ಅಂಟುವಾಳದ ನೊರೆ ಒಳ್ಳೆಯದು. ಉಜ್ಜದೆ ಅದ್ದಿ ತೆಗೆದು, ಟವಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ. ತಂತಿಗೆ ಹಾಕಿದರೆ ಭಾರಕ್ಕೆ ಉದ್ದವಾಗುತ್ತದೆ. ಹಲವು ಬಣ್ಣ ಸೇರಿಸುವ ಮೊದಲು ಕೆಂಪು, ಕಡುನೀಲಿಯ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ, ಬಣ್ಣ ಬಿಡುತ್ತದೋ ಅಂತ.

ಗೇಣಿಗಿಂತ ಚಿಕ್ಕ ಚೂರುಗಳು? ಹಕ್ಕಿಗಳಿಗೆ ಗೂಡು ಕಟ್ಟಲು ಹೊರಗೆ ಇಡಬಹುದಾ?

ಹಕ್ಕಿಗೆ ಇಡಬೇಡಿ. ಪ್ರೀತಿಯಿಂದಲೇ ಇಡುತ್ತೀರಿ, ನನಗೆ ಗೊತ್ತು. ಆದರೆ ಉಲ್ಲನ್ ಎಳೆ ಮರಿಗಳ ಕಾಲಿಗೆ, ಕತ್ತಿಗೆ ಸುತ್ತಿಕೊಳ್ಳುತ್ತದೆ, ಹುಲ್ಲಿನ ಥರ ತುಂಡಾಗುವುದಿಲ್ಲ.

ಅಕ್ರಿಲಿಕ್ ಚೂರುಗಳನ್ನು ಗೊಂಬೆಯ ಒಳಗೆ, ಸೂಜಿ ಚುಚ್ಚಿಡುವ ದಿಂಬಿನ ಒಳಗೆ ತುಂಬುತ್ತೇನೆ. ಉಣ್ಣೆ ಚೂರನ್ನು ಹೂವಿನ ಕುಂಡದ ಮಣ್ಣಿಗೆ ಸೇರಿಸುತ್ತೇನೆ. ನೀರು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನವಾಗಿ ಕೊಳೆತು ಗೊಬ್ಬರವಾಗುತ್ತದೆ. ಅಕ್ರಿಲಿಕ್ ಎಷ್ಟು ವರ್ಷವಾದರೂ ಮಣ್ಣಾಗುವುದಿಲ್ಲ, ಅದನ್ನು ಕುಂಡಕ್ಕೂ ಹಾಕಬೇಡಿ, ಕಸದ ಜೊತೆ ಸುಡಲೂ ಬೇಡಿ.

ದುಡ್ಡು ಕೊಟ್ಟರೆ ಹೆಣೆದು ಕೊಡುತ್ತೀರಾ?

ಇಲ್ಲ. ಕಲಿಯಬೇಕು ಅಂದರೆ ಮನೆಗೆ ಬನ್ನಿ, ಹೇಳಿಕೊಡುತ್ತೇನೆ. ಮೊದಲ ಚೌಕಕ್ಕೆ ದಾರ ನನ್ನದೇ.

ಈಗ ಕಡ್ಡಿಯ ಮೇಲೆ ಏನಿದೆ?

ತರಕಾರಿ ಅಕ್ಕನಿಗೆ ಮೊಮ್ಮಗು ಹುಟ್ಟಿದೆ. ಮಾವನ ಸ್ವೆಟರಿನಲ್ಲಿ ಉಳಿದ 40 ಗ್ರಾಂ ಬದನೆಕಾಯಿ ಬಣ್ಣದ ದಾರದಲ್ಲಿ ಅದಕ್ಕೊಂದು ಕುಲಾವಿ ಹೆಣೆಯುತ್ತಿದ್ದೇನೆ. ಕಿವಿ ಮುಚ್ಚುವ ಭಾಗ ಮುಗಿಯಿತು, ನೆತ್ತಿ ಉಳಿದಿದೆ. ಈಗಷ್ಟೇ ತೂಗಿದೆ, ಇನ್ನೂ 24 ಗ್ರಾಂ ಇದೆ. ಕಾಲ್ಚೀಲವೂ ಆಗುತ್ತದೆ.